ಸೊಪ್ಪಿನ ಮಡಿಗೆ ಹಾಯಿಸುವ ನೀರೂ ಅದರಲ್ಲಿರುವ ಲೋಹವಿಷಗಳೂ

(ಒಬ್ಬ ವ್ಯವಸಾಯ ಇನ್ಸ್‌ಪೆಕ್ಟರು, ಎಲ್. ಏಜಿ., ಬರೆದುದು)

ಬೆಂಗಳೂರು ನಗರದ ದಕ್ಷಿಣ ಭಾಗವಾದ ಜಯನಗರ, ಬನಶಂಕರಿ, ಜೆ. ಪಿ. ನಗರ, ಬಿ. ಟಿ. ಎಂ. ಬಡಾವಣೆಗಳಲ್ಲಿ ವಾಸಿಸುವವರು ಸೊಪ್ಪನ್ನು ವಿಶೇಷವಾಗಿ ಉಪಯೋಗಿಸುವರು. ಮಸೊಪ್ಪು, ಬಸ್ಸಾರು, ಪಲ್ಯ, ತಂಬುಳಿ ಎಂದು ದಿನಕ್ಕೊಂದು ಬಗೆಯಲ್ಲಿ ಅದು ಊಟದ ಎಲೆಗೆ ಬರುತ್ತದೆ. ಸಾರಕ್ಕಿಯ ಅಥವಾ ಮಡಿವಾಳದ ಮಾರ್ಕೆಟ್ಟಿಗೆ ಬೆಳಗಿನ ಜಾವದಲ್ಲಿ ಹೋದವರಿಗೆ ದಂಟು, ಪಾಲಕ್, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿಗಳ ಕಟ್ಟುಗಳು ನೀರು ಚಿಮುಕಿಸಿಕೊಂಡು ರಾಶಿರಾಶಿಯಾಗಿ ಇಳಿಯುವುದು ಕಂಡುಬರುವುದು. ಕೊಳ್ಳುವವರು ಎಲೆಯ ಹಸುರನ್ನು ನೋಡುವರು, ಹುಳು ಹೊಡೆದಿದೆಯೇ ಎಂದು ನೋಡುವರು, ಕಟ್ಟಿನ ಗಾತ್ರವನ್ನು ನೋಡುವರು. ಆ ಎಲೆ ಯಾವ ನೀರನ್ನು ಕುಡಿದು ಬೆಳೆಯಿತೆಂದು ಕೇಳುವವರಿಲ್ಲ. ಕೇಳಿದರೂ ಉತ್ತರ ಹೇಳಬಲ್ಲವನು ವ್ಯಾಪಾರಿಯಲ್ಲ, ಜಮೀನಿನ ಯಜಮಾನನೊಬ್ಬನೇ. ಆದುದರಿಂದ ಈ ಲೇಖನವನ್ನು ಪೇಟೆಯವರಿಗಾಗಿ ಬರೆಯದೆ ಗ್ರಾಮಗಳ ಮುಖ್ಯಸ್ಥರಿಗೂ ಜಮೀನುದಾರರಿಗೂ ಬರೆಯಲಾಗಿದೆ.

ಕೆಲವು ವರ್ಷಗಳ ಹಿಂದೆ ನಗರದ ಕೊಳಚೆ ಹರಿಯುವ ಕಾಲುವೆಯೊಂದರ ಮಗ್ಗುಲಿನ ಗ್ರಾಮಕ್ಕೆ ನಾನು ತಿರುಗಾಟಕ್ಕೆ ಹೋಗಿದ್ದೆನು. ಅಲ್ಲಿನ ಯಜಮಾನರೊಬ್ಬರು ತಮ್ಮ ತೋಟವನ್ನು ಬಲು ಸಂತೋಷದಿಂದ ತೋರಿಸಿದರು. ಕಾಲುವೆಗೆ ಪಂಪನ್ನಿಟ್ಟು ನೀರು ಹಾಯಿಸಿದ ಮಡಿಗಳಲ್ಲಿ ಪಾಲಕ್ ಸೊಪ್ಪು ಅಂಗೈಗಿಂತ ಅಗಲವಾದ ಎಲೆಗಳನ್ನು ಬಿಟ್ಟು ಕಣ್ಣು ಕೋರೈಸುವಂತೆ ನಿಂತಿತ್ತು. "ಯೂರಿಯಾ ಹಾಕೋದೇ ಇಲ್ಲ ಸ್ವಾಮಿ, ಎಲ್ಲಾ ನೀರಲ್ಲೇ ಬಂದ್ಬಿಡ್ತದೆ" ಎಂದರು. ಅದು ಸುಳ್ಳಲ್ಲ. ಹೊರಡುವಾಗ ನನ್ನ ಮನೆಗೆಂದು ಎರಡು ಕಟ್ಟು ಸೊಪ್ಪು ತರುವಂತೆ ಆಳಿಗೆ ಹೇಳಿದರು. ಅವನು ಕಾಲುವೆಯ ಕಡೆಗೆ ತಿರುಗಿದೊಡನೆಯೇ, "ಅಲ್ಲಿಂದ ಬೇಡ ಕಣೋ, ಬಾವಿ ಹತ್ರದ ಮಡೀಲಿ ಕಿತ್ಕೊಂಡ್ ಬಾ, ಮನೇಲಿ ತಿನ್ನೋದು" ಎಂದು ಕೂಗಿದರು. ಕೂಗಿದ ಮೇಲೆ ನನ್ನ ಮುಖವನ್ನು ನೋಡಿ ಸುಮ್ಮನಾದರು. ನಾನೂ ಸುಮ್ಮನಿದ್ದೆನು. ಯಜಮಾನರಿಗೆ ರಸಾಯನಶಾಸ್ತ್ರದ ಪರಿಚಯವಿಲ್ಲದಿದ್ದರೂ ವಿಷಯವು ತಿಳಿದೇ ಇದ್ದಿತು.

ಈ ಕಾಲುವೆಗಳ ನೀರು ಎಲ್ಲಿಂದ ಬರುವುದೆಂಬುದನ್ನು ಮೊದಲು ನೋಡೋಣ. ನಗರದ ದಕ್ಷಿಣ ಭಾಗವು ಎತ್ತರದ ದಿಣ್ಣೆಯ ಮೇಲಿದ್ದು, ಅಲ್ಲಿನ ನೀರು ಎರಡು ಕಡೆಗೆ ಇಳಿಯುವುದು. ಪಶ್ಚಿಮದ ಕಡೆಗೆ ಇಳಿದುದು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿಯಲ್ಲಿ ಹುಟ್ಟುವುದೆಂದು ಪ್ರತೀತಿಯಿರುವ ಈ ಹೊಳೆಯು ಕೆಂಗೇರಿಯನ್ನು ಹಾದು, ಬಿಡದಿಯ ಬಳಿಯ ಬೈರಮಂಗಲದ ಕೆರೆಯನ್ನು ತುಂಬಿ, ಮುಂದೆ ಅರ್ಕಾವತಿಯನ್ನು ಸೇರಿ ಸಂಗಮದಲ್ಲಿ ಕಾವೇರಿಗೆ ಬೀಳುವುದು. ಪೂರ್ವದ ಕಡೆಗೆ ಇಳಿದ ನೀರು ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರು ಕೆರೆಗಳ ಸಾಲಿನಲ್ಲಿ ಹರಿದು ದಕ್ಷಿಣ ಪಿನಾಕಿನಿಗೆ ಹೋಗುವುದು. ಹಿಂದೆ ಇವು ಮಳೆಯ ನೀರಿನ ಹಳ್ಳಗಳು. ನಗರವು ಬೆಳೆದಂತೆ ಇವೇ ಕೊಳಚೆಯ ಹಾದಿಗಳಾದವು. ಬೆಳ್ಳಂದೂರಿನ ಕೆರೆಯಲ್ಲಿ ೨೦೧೫, ೨೦೧೭ ಮತ್ತು ೨೦೧೮ರಲ್ಲಿ ಬೆಂಕಿ ಕಾಣಿಸಿಕೊಂಡ ಸುದ್ದಿಯನ್ನು ಕೇಳದ ರೈತರಿಲ್ಲ.

ಮನೆಗಳ ಕೊಳಚೆಯೊಂದೇ ಆಗಿದ್ದರೆ ಕಾಳಜಿಯ ರೀತಿಯೇ ಬೇರೆಯಾಗುತ್ತಿತ್ತು. ಅದರಲ್ಲಿ ಸಾರಜನಕ, ರಂಜಕಗಳು ಹೇರಳವಾಗಿರುವುದರಿಂದಲೇ ಯಜಮಾನರ ಪಾಲಕ್ ಸೊಪ್ಪು ಗೊಬ್ಬರವಿಲ್ಲದೆ ಬೆಳೆಯಿತು. ಅದರಲ್ಲಿನ ರೋಗದ ಕ್ರಿಮಿಗಳು ಸೊಪ್ಪನ್ನು ಚೆನ್ನಾಗಿ ಬೇಯಿಸಿದರೆ ಸಾಯುವುವು. ಆದರೆ ವೃಷಭಾವತಿಗೆ ಪೀಣ್ಯದ ಕಡೆಯ ಕಾರ್ಖಾನೆಗಳ ನೀರೂ ಸೇರಿರುವುದು. ಲೋಹದ ಸಾಮಾನುಗಳಿಗೆ ಮುಲಾಮು ಹಾಕುವ ಕಾರ್ಖಾನೆಗಳಲ್ಲಿ ಕ್ರೋಮಿಯಂ, ನಿಕ್ಕಲ್, ಸತುವುಗಳ ದ್ರಾವಣಗಳಿರುತ್ತವೆ. ಹಳೆಯ ಬ್ಯಾಟರಿಗಳನ್ನು ಕರಗಿಸುವ ಕಡೆ ಸೀಸವಿರುತ್ತದೆ. ಕೆಲವು ಬಣ್ಣಗಳಲ್ಲಿಯೂ ಬ್ಯಾಟರಿಗಳಲ್ಲಿಯೂ ಕ್ಯಾಡ್ಮಿಯಂ ಇರುತ್ತದೆ. ಇವು ಕೊಳೆಯುವುದಿಲ್ಲ, ಬೇಯುವುದಿಲ್ಲ, ಬಿಸಿಲಿಗೆ ಆರಿಹೋಗುವುದಿಲ್ಲ. ನೀರು ಇಂಗಿದರೂ ಇವು ಮಣ್ಣಿನಲ್ಲಿಯೇ ನಿಲ್ಲುವುವು. ಇದೇ ಈ ವಿಷಯದ ತಿರುಳು.

ಗಿಡವು ತನಗೆ ಬೇಕಾದುದನ್ನು ಮಾತ್ರ ಹೀರಿ ಬೇಡವಾದುದನ್ನು ಬಿಡುವುದೆಂದು ನಮ್ಮಲ್ಲಿ ಅನೇಕರ ನಂಬಿಕೆ. ಇದು ಪೂರ್ತಿ ನಿಜವಲ್ಲವೆಂಬುದಕ್ಕೆ ಸಮುದ್ರದ ಪಾಚಿಗಿಂತ ಒಳ್ಳೆಯ ನಿದರ್ಶನ ದೊರೆಯದು. ಜಪಾನ್ ದೇಶದವರು ಕಡಲಿನ ಹಲವು ಬಗೆಯ ಪಾಚಿಗಳನ್ನು, ನಾವು ಸೊಪ್ಪನ್ನು ತಿನ್ನುವಂತೆ, ಅನಾದಿಯಿಂದ ತಿನ್ನುತ್ತ ಬಂದಿರುವರು. ಅವುಗಳಲ್ಲಿ ಹಿಜಿಕಿ ಎಂಬ ಕಪ್ಪು ಪಾಚಿಯು ನೀರಿನಲ್ಲಿ ಅತ್ಯಲ್ಪವಾಗಿರುವ ಪಾಷಾಣವನ್ನು, ಅದರಲ್ಲಿಯೂ ಹೆಚ್ಚು ವಿಷಕರವಾದ ರೂಪದಲ್ಲಿ, ತನ್ನ ಮೈಯಲ್ಲಿ ಕೂಡಿಟ್ಟುಕೊಳ್ಳುವುದೆಂದು ಪರೀಕ್ಷೆಯಿಂದ ತಿಳಿದುಬಂದಿತು. ೨೦೦೧ರಲ್ಲಿ ಕೆನಡಾ ದೇಶದವರೂ ೨೦೦೪ರಲ್ಲಿ ಇಂಗ್ಲೆಂಡಿನ ಆಹಾರ ಇಲಾಖೆಯವರೂ ಅದನ್ನು ತಿನ್ನಬಾರದೆಂದು ತಮ್ಮ ಜನರಿಗೆ ತಿಳಿಸಿದರು. ನೋಡಲು ಆ ಪಾಚಿಯಲ್ಲಿ ಯಾವ ದೋಷವೂ ಇಲ್ಲ, ರುಚಿಯೂ ಕೆಟ್ಟಿಲ್ಲ.

ನಮ್ಮಲ್ಲಿ ಕಡಲಿಲ್ಲ, ಕೆರೆಗಳಿವೆ. ಕೆರೆಯಂಚಿನಲ್ಲಿ ಬಿತ್ತದೆಯೇ ಬೆಳೆಯುವ ಹೊನಗೊನ್ನೆ ಸೊಪ್ಪೂ ಒಂದೆಲಗವೂ ನಮ್ಮ ಕಡಲಪಾಚಿಗಳೆಂದೇ ತಿಳಿಯಬಹುದು. ಹೊನಗೊನ್ನೆಯು ಕಣ್ಣಿಗೆ ಒಳ್ಳೆಯದು, ಒಂದೆಲಗವು ಮಕ್ಕಳ ಬುದ್ಧಿಗೆ ಒಳ್ಳೆಯದು ಎಂದು ಹಿರಿಯರು ಹೇಳುತ್ತಿದ್ದರು. ಅವರು ಹೇಳಿದ್ದು ಅಂದಿನ ಕೆರೆಯ ಸೊಪ್ಪನ್ನು ಕುರಿತು. ಇಂದು ಕೊಳಚೆ ತುಂಬಿದ ಕೆರೆಯ ಕೆಸರಿನಲ್ಲಿ ಬೇರೂರಿದ ಹೊನಗೊನ್ನೆಯು ಆ ಕೆಸರಿನಲ್ಲಿರುವ ಲೋಹಗಳನ್ನೂ ಚೆನ್ನಾಗಿ ಹೀರುವುದು. ಹೀಗೆ ಹೀರುವ ಗುಣದಿಂದಲೇ ಈ ಜಾತಿಯ ನೀರುಗಿಡಗಳನ್ನು ಕೊಳಕು ನೀರಿನ ಶುದ್ಧಿಗೆ ಬಳಸಬಹುದೆಂದು ವಿಜ್ಞಾನಿಗಳು ಪ್ರಯೋಗ ಮಾಡಿರುವರು. ನೀರನ್ನು ತೊಳೆದ ಪೊರಕೆಯನ್ನೇ ಅಡಿಗೆಗೆ ಹಾಕಿದಂತೆ! ಬಡ ಹೆಂಗಸರು ಇದನ್ನು ಕಿತ್ತು ಮಾರಿ ನಾಲ್ಕು ಕಾಸು ಸಂಪಾದಿಸುವುದರಿಂದ, ಅವರನ್ನು ಗದರಿಸಿ ಓಡಿಸುವುದು ಸರಿಯಲ್ಲ. ಗ್ರಾಮದಲ್ಲಿ ಒಳ್ಳೆಯ ನೀರಿರುವ ಕಡೆ ಹತ್ತು ಅಡಿ ಅಗಲದ ಒಂದು ಪಾತಿಯಲ್ಲಿ ಹೊನಗೊನ್ನೆಯ ಕಡ್ಡಿಗಳನ್ನು ನೆಡಿಸಿದರೆ ಅದು ತಾನಾಗಿ ಹಬ್ಬುವುದು. ಅಲ್ಲಿಂದ ಕಿತ್ತುಕೊಳ್ಳುವಂತೆ ಮುಖ್ಯಸ್ಥರು ಅವರಿಗೆ ಅನುಕೂಲ ಮಾಡಿಕೊಡಬಹುದು.

ಲೋಹಗಳು ದೇಹವನ್ನು ಸೇರಿದರೆ ಏನಾಗುವುದೆಂಬುದಕ್ಕೆ ಮತ್ತೊಮ್ಮೆ ಜಪಾನಿನ ಕಡೆಗೇ ನೋಡಬೇಕಾಗಿದೆ. ಏಕೆಂದರೆ ಅಲ್ಲಿ ಕೆಟ್ಟದ್ದು ಕಡಲಲ್ಲ, ನಮ್ಮಲ್ಲಿರುವಂಥ ಗದ್ದೆ. ತೋಯಾಮಾ ಪ್ರಾಂತದ ಜಿಂಜು ಎಂಬ ನದಿಗೆ ಮೇಲ್ಗಡೆಯ ಕಾಮಿಯೋಕಾ ಗಣಿಯಿಂದ ಕ್ಯಾಡ್ಮಿಯಂ ಬೆರೆತ ನೀರು ಬಹುಕಾಲ ಹರಿಯಿತು. ರೈತರು ಎಂದಿನಂತೆ ಆ ನೀರನ್ನು ಗದ್ದೆಗೆ ಹಾಯಿಸಿ ಭತ್ತ ಬೆಳೆದು ಉಂಡರು. ವರ್ಷಗಳು ಕಳೆದ ಮೇಲೆ ನಡುವಯಸ್ಸು ದಾಟಿದ, ಹಲವು ಮಕ್ಕಳನ್ನು ಹೆತ್ತ ಹೆಂಗಸರ ಮೂತ್ರಪಿಂಡಗಳು ಕೆಟ್ಟು, ಮೂಳೆಗಳು ಮೆತ್ತಗಾಗಿ, ಕೆಮ್ಮಿದರೂ ಮುರಿಯುವ ಸ್ಥಿತಿಗೆ ಬಂದವು. ನೋವಿನ ಕೂಗಿನಿಂದಲೇ ಆ ರೋಗಕ್ಕೆ 'ಇತಾಯಿ-ಇತಾಯಿ', ಎಂದರೆ 'ಅಯ್ಯೋ ನೋವು' ಎಂಬ ಹೆಸರು ಬಂದಿತು. ೧೯೬೮ರಲ್ಲಿ ಸರ್ಕಾರವು ಅದಕ್ಕೆ ಕಾರಣ ಕ್ಯಾಡ್ಮಿಯಂ ಎಂದು ಒಪ್ಪಿತು. ಕೆಟ್ಟ ಗದ್ದೆಗಳ ಮಣ್ಣನ್ನು ಸರಿಪಡಿಸುವ ಕೆಲಸ ಮುಗಿದುದು ೨೦೧೨ರಲ್ಲಿ. ಜಮೀನುದಾರರು ಈ ಎರಡು ಇಸವಿಗಳ ನಡುವಣ ಅಂತರವನ್ನು ಎಣಿಸಿ ನೋಡಬೇಕು. ಜಪಾನಿನಷ್ಟು ಹಣವಿರುವ ದೇಶಕ್ಕೂ ಮಣ್ಣನ್ನು ತೊಳೆಯುವುದು ಇಷ್ಟು ಕಷ್ಟವಾಯಿತು.

ನಮ್ಮ ಕಡೆ ಅಂಥ ರೋಗವು ಕಂಡುಬಂದಿದೆಯೆಂದು ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಕ್ಯಾಡ್ಮಿಯಂ ಮೂತ್ರಪಿಂಡವನ್ನು ಸೇರಿದರೆ ಅದರ ಅರ್ಧ ಪಾಲು ಹೊರಗೆ ಹೋಗಲು ೧೦ ರಿಂದ ೩೦ ವರ್ಷಗಳು ಹಿಡಿಯುವುವು. ಅಂದಮೇಲೆ ಇಂದು ತಿಂದುದರ ಲೆಕ್ಕ ನಾಳೆ ತಿಳಿಯುವಂಥದಲ್ಲ. ಸೀಸದ ವಿಷಯವು ಇನ್ನೂ ಕಠಿಣ. ಅದು ಚಿಕ್ಕ ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುವುದು. ೨೦೧೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಹಾಗೂ ಕೃಷಿ ಸಂಸ್ಥೆಗಳ ಜಂಟಿ ತಜ್ಞಸಮಿತಿಯು, ಇಷ್ಟು ಸೀಸ ತಿಂದರೆ ತೊಂದರೆಯಿಲ್ಲವೆಂದು ಹೇಳಲು ಸಾಧ್ಯವಿಲ್ಲವೆಂದು ಕಂಡು, ತಾನು ಹಿಂದೆ ಹಾಕಿದ್ದ ಮಿತಿಯನ್ನೇ ಹಿಂದಕ್ಕೆ ತೆಗೆದುಕೊಂಡಿತು.

ಭಾರತದ ಆಹಾರ ಸುರಕ್ಷತೆಯ ನಿಯಮಗಳಲ್ಲಿ ಒಂದು ಕಿಲೋಗ್ರಾಂ ಸೊಪ್ಪಿನಲ್ಲಿ ಸೀಸವು ೦.೩ ಮಿಲಿಗ್ರಾಮನ್ನೂ ಕ್ಯಾಡ್ಮಿಯಂ ೦.೨ ಮಿಲಿಗ್ರಾಮನ್ನೂ ಮೀರಬಾರದೆಂದಿದೆ. ಈ ಮಿತಿ ಎಷ್ಟು ಬಿಗಿಯಾದುದೆಂದು ಒಂದು ಲೆಕ್ಕದಿಂದ ತಿಳಿಯಬಹುದು. ಮೇಲೆ ಹೇಳಿದ ತಜ್ಞಸಮಿತಿಯ ಪ್ರಕಾರ ಮನುಷ್ಯನ ದೇಹದ ತೂಕದಲ್ಲಿ ಒಂದೊಂದು ಕಿಲೋಗ್ರಾಮಿಗೆ ತಿಂಗಳಿಗೆ ೨೫ ಮೈಕ್ರೋಗ್ರಾಂ ಕ್ಯಾಡ್ಮಿಯಂ ತಡೆಯಬಹುದಾದುದು. ಮೈಕ್ರೋಗ್ರಾಂ ಎಂದರೆ ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲು. ೧೫ ಕಿಲೋಗ್ರಾಂ ತೂಗುವ ಮಗುವಿಗೆ ಇದು ತಿಂಗಳಿಗೆ ೩೭೫, ದಿನಕ್ಕೆ ೧೨.೫ ಮೈಕ್ರೋಗ್ರಾಂ ಆಗುವುದು. ಸರಿಯಾಗಿ ಮಿತಿಯಷ್ಟೇ ಕ್ಯಾಡ್ಮಿಯಂ ಇರುವ ಸೊಪ್ಪನ್ನು ಆ ಮಗು ದಿನಕ್ಕೆ ೬೦ ಗ್ರಾಂ ತಿಂದರೆ ೧೨ ಮೈಕ್ರೋಗ್ರಾಂ ಅಲ್ಲಿಗೇ ಮುಗಿಯಿತು. ಅನ್ನ, ಬೇಳೆ, ಗಡ್ಡೆಗಳಲ್ಲಿ ಬರುವುದಕ್ಕೆ ಸ್ಥಳವೇ ಉಳಿಯುವುದಿಲ್ಲ. ಮಿತಿಯನ್ನು ಎರಡು ಪಟ್ಟು ಮೀರಿದ ಸೊಪ್ಪಾದರೆ ಲೆಕ್ಕವನ್ನು ಓದುಗರೇ ಮಾಡಬಹುದು.

೨೦೨೩ರಲ್ಲಿ ಬೆಂಗಳೂರಿನ ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆಯವರ ಪರೀಕ್ಷೆಯ ವಿಷಯವು ಪತ್ರಿಕೆಗಳಲ್ಲಿ ಪ್ರಕಟವಾಯಿತು. ನಗರದ ೨೦ ಮಳಿಗೆಗಳಿಂದ ೧೦ ಬಗೆಯ ತರಕಾರಿಗಳ ೪೦೦ ಮಾದರಿಗಳನ್ನು ಕೊಂಡು ನೋಡಿದಾಗ ಹಲವು ಮಾದರಿಗಳಲ್ಲಿ ಲೋಹಗಳು ಮಿತಿಯನ್ನು ಮೀರಿದ್ದುವು. ದೊಡ್ಡ ಅಂಗಡಿಗಳ ಮತ್ತು ಸಾವಯವ ಮಳಿಗೆಗಳ ತರಕಾರಿಯೂ ಇದಕ್ಕೆ ಹೊರತಾಗಿರಲಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಪೀಠವು ಈ ಸಂಗತಿಯನ್ನು ತಾನಾಗಿ ವಿಚಾರಣೆಗೆ ತೆಗೆದುಕೊಂಡಿತು. ಸಾವಯವವೆಂಬ ಮಾತು ಗೊಬ್ಬರ ಮತ್ತು ಔಷಧಿಗಳಿಗೆ ಸಂಬಂಧಪಟ್ಟುದು. ಕಾಲುವೆಯ ನೀರನ್ನು ಅದು ತೊಳೆಯಲಾರದು.

ಇನ್ನು ಮಣ್ಣಿನ ಲೆಕ್ಕ. ನೀರಾವರಿಯ ನೀರಿನಲ್ಲಿ ಕ್ಯಾಡ್ಮಿಯಂ ಲೀಟರಿಗೆ ೦.೦೧ ಮಿಲಿಗ್ರಾಮಿಗಿಂತಲೂ, ಕ್ರೋಮಿಯಂ ೦.೧ಕ್ಕಿಂತಲೂ, ನಿಕ್ಕಲ್ ೦.೨ಕ್ಕಿಂತಲೂ ಹೆಚ್ಚಾಗಿರಬಾರದೆಂದು ಆಹಾರ ಮತ್ತು ಕೃಷಿ ಸಂಸ್ಥೆಯ ಸೂಚನೆಯಿದೆ. ಸೊಪ್ಪಿನ ಮಡಿಗೆ ವರ್ಷವಿಡೀ ನೀರು ಬೇಕು. ಎಕರೆಗೆ ವರ್ಷಕ್ಕೆ ೪೦ ಲಕ್ಷ ಲೀಟರು ಹಾಯಿಸಿದರೆಂದು ಇಟ್ಟುಕೊಳ್ಳೋಣ. ಮಿತಿಯಷ್ಟೇ ಕ್ಯಾಡ್ಮಿಯಂ ಇದ್ದ ನೀರಿನಿಂದ ವರ್ಷಕ್ಕೆ ೪೦ ಗ್ರಾಂ ಜಮೀನನ್ನು ಸೇರುವುದು. ಒಂದು ಎಕರೆಯ ಅರ್ಧ ಅಡಿ ಆಳದ ಮಣ್ಣು ಸುಮಾರು ೯ ಲಕ್ಷ ಕಿಲೋಗ್ರಾಂ ತೂಗುವುದಾದ್ದರಿಂದ, ಇಪ್ಪತ್ತು ವರ್ಷಗಳಲ್ಲಿ ಮಣ್ಣಿನ ಕಿಲೋಗ್ರಾಮಿಗೆ ಹೆಚ್ಚುಕಡಮೆ ೦.೯ ಮಿಲಿಗ್ರಾಂ ಸೇರಿದಂತಾಯಿತು. ಯೂರೋಪಿನವರು ೧೯೮೬ರಲ್ಲಿ ಮಾಡಿದ ಕಟ್ಟಳೆಯಲ್ಲಿ ಕೊಳಚೆಯ ಹೂಳನ್ನು ಹಾಕುವ ಜಮೀನಿನ ಮಣ್ಣಿಗೆ ೧ ರಿಂದ ೩ ಮಿಲಿಗ್ರಾಂ ಎಂಬ ಮಿತಿಯಿದೆ. ತಂದೆಯು ಪಂಪನ್ನು ಇಟ್ಟರೆ ಮಗನ ಕಾಲಕ್ಕೆ ಜಮೀನು ಗಡಿಯ ಹತ್ತಿರ ಬಂದು ನಿಲ್ಲುವುದು. ಮಿತಿ ಮೀರಿದ ನೀರಾದರೆ ಅಷ್ಟು ದಿನವೂ ಬೇಡ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸಬೇಕಾಗಿದೆ. ೨೦೧೫ರಿಂದ ರೈತರಿಗೆ ಕೊಡಲಾಗುತ್ತಿರುವ ಮಣ್ಣು ಆರೋಗ್ಯ ಚೀಟಿಯನ್ನು ತೋರಿಸಿ, "ನಮ್ಮ ಮಣ್ಣು ಪರೀಕ್ಷೆಯಾಗಿದೆ, ಎಲ್ಲಾ ಸರಿಯಾಗಿದೆ" ಎನ್ನುವವರುಂಟು. ಆ ಚೀಟಿಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತುವು, ಕಬ್ಬಿಣ ಮುಂತಾದ ೧೨ ಅಂಶಗಳಿರುವುವು. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳಿಲ್ಲ. ೧೮೯೯ರ ಸುಮಾರಿನಲ್ಲಿ ಡಾಕ್ಟರ್ ಲೆಹ್ಮನ್ನರು ಮೈಸೂರು ಸರ್ಕಾರದ ಪರವಾಗಿ ನಮ್ಮ ಸೀಮೆಯ ಮಣ್ಣಿನ ರಾಸಾಯನಿಕ ಪರೀಕ್ಷೆಯನ್ನು ಆರಂಭಿಸಿದಾಗ, ಹುಡುಕುತ್ತಿದ್ದುದು ಮಣ್ಣಿನಲ್ಲಿ ಏನು ಕಡಮೆಯಾಗಿದೆ ಎಂಬುದನ್ನು. ನಮ್ಮ ಚೀಟಿಯೂ ಇಂದಿಗೂ ಅದನ್ನೇ ಹೇಳುವುದು. ಕೊಳಚೆಯ ಕಾಲುವೆಯ ಕೆಳಗಿರುವವರು ಏನು ಹೆಚ್ಚಾಗಿದೆ ಎಂಬುದನ್ನೂ ಕೇಳಬೇಕು.

ಯಾವ ಬೆಳೆಯು ಲೋಹವನ್ನು ಎಷ್ಟು ಎಳೆಯುವುದೆಂಬುದರಲ್ಲಿ ಬಹಳ ವ್ಯತ್ಯಾಸವುಂಟು. ಎಲೆಗಳು ಮುಂದು, ಗಡ್ಡೆಗಳು ನಂತರ, ಕಾಯಿಗಳು ಅವುಗಳಿಗಿಂತ ಕಡಮೆ, ಅವರೆ, ತೊಗರಿಗಳಂಥ ದ್ವಿದಳಧಾನ್ಯದ ಕಾಳುಗಳು ಸಾಮಾನ್ಯವಾಗಿ ಇನ್ನೂ ಕಡಮೆ. ಸೊಪ್ಪುಗಳಲ್ಲಿ ಪಾಲಕ್ ಮತ್ತು ದಂಟು ಕ್ಯಾಡ್ಮಿಯಂ ಹೀರುವುದರಲ್ಲಿ ಹೆಸರುವಾಸಿ. ಸೀಸವು ಹೆಚ್ಚಾಗಿ ಬೇರಿನಲ್ಲಿಯೇ ತಂಗುವುದು. ಎಲೆಯ ಮೇಲಿನ ಸೀಸವು ಬಹುಮಟ್ಟಿಗೆ ಧೂಳಿನಿಂದ ಬಂದುದು. ಪೆಟ್ರೋಲಿಗೆ ಸೀಸ ಬೆರೆಸುವುದನ್ನು ನಮ್ಮ ದೇಶದಲ್ಲಿ ೨೦೦೦ದಲ್ಲಿ ನಿಲ್ಲಿಸಿದರೂ, ಅದಕ್ಕೆ ಮೊದಲು ಬಿದ್ದುದು ರಸ್ತೆಯ ಪಕ್ಕದ ಮಣ್ಣನ್ನು ಬಿಟ್ಟುಹೋಗಿಲ್ಲ. ಆದುದರಿಂದ ಹೆದ್ದಾರಿಗೆ ತಗುಲಿದ ಮಡಿಗಳಲ್ಲಿ ಸೊಪ್ಪು ಹಾಕದೆ ಬೇಲಿಯನ್ನು ಎತ್ತರವಾಗಿ ಬೆಳೆಸುವುದು ಲೇಸು. ಧೂಳಿನ ಸೀಸವನ್ನು ಮೂರು ಸಲ ಒಳ್ಳೆಯ ನೀರಿನಲ್ಲಿ ತೊಳೆದು ತಕ್ಕಮಟ್ಟಿಗೆ ಕಳೆಯಬಹುದು. ಎಲೆಯ ಒಳಗೆ ಸೇರಿದ ಕ್ಯಾಡ್ಮಿಯಮ್ಮನ್ನು ಹಾಗೆ ಕಳೆಯಲಾಗದು. ಕಿತ್ತ ಸೊಪ್ಪನ್ನೂ ಮೂಲಂಗಿಯನ್ನೂ ಹಸುರಾಗಿ ಕಾಣಲೆಂದು ಕಾಲುವೆಯಲ್ಲಿಯೇ ಅದ್ದಿ ಗಾಡಿಗೆ ಏರಿಸುವ ಪದ್ಧತಿಯು ಕೆಲವೆಡೆ ಇದೆ. ಕೊಳವೆ ಬಾವಿಯ ನೀರಿನಿಂದ ಬೆಳೆದ ಒಳ್ಳೆಯ ಸೊಪ್ಪೂ ಈ ಒಂದು ಮುಳುಗಿನಿಂದ ಕೆಡುವುದು. ಇದನ್ನು ಗ್ರಾಮದ ಮುಖ್ಯಸ್ಥರು ಒಂದು ಮಾತಿನಿಂದ ನಿಲ್ಲಿಸಬಹುದು, ಖರ್ಚೇನೂ ಇಲ್ಲ.

ಕಾಲುವೆಯ ನೀರನ್ನು ಬಿಟ್ಟುಬಿಡಿರೆಂದು ಹೇಳುವುದು ಸುಲಭ. ೨೦೨೫ರಲ್ಲಿ ಬೆಂಗಳೂರು ದಕ್ಷಿಣವೆಂದು ಹೊಸ ಹೆಸರು ಪಡೆದ ಹಿಂದಿನ ರಾಮನಗರ ಜಿಲ್ಲೆಯಲ್ಲಿ, ಬೈರಮಂಗಲದ ಕೆಳಗಿನ ರೈತರಿಗೆ ಬೇರೆ ಯಾವ ನೀರಿದೆ? ನೀರನ್ನು ಕೆಡಿಸಿದವರು ಅವರಲ್ಲ. ಕೆಡಿಸಿದವರ ಮೇಲೆ ಕ್ರಮ ಕೈಗೊಳ್ಳಬೇಕಾದುದು ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ. ಅದಾಗುವವರೆಗೆ ಬೆಳೆಯನ್ನು ನೀರಿಗೆ ತಕ್ಕಂತೆ ಬದಲಾಯಿಸುವುದೇ ನಮ್ಮ ಕೈಯಲ್ಲಿರುವ ಉಪಾಯ. ಅಲ್ಲಿ ಅನೇಕರು ಹಿಂದಿನ ಭತ್ತ, ರಾಗಿಗಳನ್ನು ಬಿಟ್ಟು ಎಳೆ ಮುಸುಕಿನ ಜೋಳ, ಹಿಪ್ಪುನೇರಳೆ, ಮೇವಿನ ಹುಲ್ಲುಗಳಿಗೆ ತಿರುಗಿರುವರು. ಮೇವಿನ ಹುಲ್ಲೂ ಎಲೆಯೇ ಆದ್ದರಿಂದ, ಅದನ್ನು ತಿನ್ನುವ ಹಸುವಿನ ವಿಷಯದಲ್ಲಿ ಪರೀಕ್ಷೆಯಿಲ್ಲದೆ ನಿಶ್ಚಿಂತರಾಗುವಂತಿಲ್ಲ. ಹೂವು, ಅಲಂಕಾರದ ಗಿಡಗಳು, ಮರಮುಟ್ಟಿನ ಮರಗಳು ನಿರ್ಭಯವಾದುವು. ಮೊದಲು ಹೇಳಿದ ಯಜಮಾನರು ಕಾಲುವೆಯ ಕಡೆಯ ಮಡಿಗಳಲ್ಲಿ ಈಗ ಸುಗಂಧರಾಜವನ್ನು ಹಾಕಿರುವರು; ಬಾವಿಯ ಕಡೆಗೆ ಮಾತ್ರ ಸೊಪ್ಪು. ಪಾಲಕ್ ಸೊಪ್ಪಿನಷ್ಟು ಬೇಗ ಕೈಗೆ ಕಾಸು ಬರುವುದಿಲ್ಲವೆಂದು ನನ್ನನ್ನು ಕಂಡಾಗಲೆಲ್ಲ ಗೊಣಗುವರು. ಅವರ ಮಾತು ನಿಜ.

ನಮ್ಮ ಕೆಂಪು ಮಣ್ಣು ಹಲವೆಡೆ ಹುಳಿಯಾಗಿರುವುದು, ಮತ್ತು ಹುಳಿ ಮಣ್ಣಿನಲ್ಲಿ ಕ್ಯಾಡ್ಮಿಯಂ ಬೇರಿಗೆ ಸುಲಭವಾಗಿ ಸಿಕ್ಕುವುದು. ಪರೀಕ್ಷೆಯ ಪ್ರಕಾರ ಸುಣ್ಣವನ್ನು ಹಾಕಿ ಹುಳಿಯನ್ನು ಕಡಮೆ ಮಾಡುವುದರಿಂದಲೂ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಧಾರಾಳವಾಗಿ ಹಾಕುವುದರಿಂದಲೂ ಲೋಹವು ಮಣ್ಣಿಗೇ ಅಂಟಿಕೊಳ್ಳುವುದು. ಇದರಿಂದ ಲೋಹವು ಹೊರಟುಹೋಗಲಿಲ್ಲ, ಕಟ್ಟಿಹಾಕಿದಂತಾಯಿತು, ಅಷ್ಟೆ. ನಗರದ ಕಸದಿಂದ ಮಾಡಿದ ಗೊಬ್ಬರವನ್ನು ಕೊಳ್ಳುವವರು ಪರೀಕ್ಷೆಯ ಪತ್ರವನ್ನು ಕೇಳಬೇಕು. ೧೯೮೫ರ ರಸಗೊಬ್ಬರ ನಿಯಂತ್ರಣ ಆಜ್ಞೆಯ ಪ್ರಕಾರ ಅದರಲ್ಲಿ ಕಿಲೋಗ್ರಾಮಿಗೆ ಸೀಸವು ೧೦೦, ಕ್ಯಾಡ್ಮಿಯಂ ೫, ಕ್ರೋಮಿಯಂ ೫೦ ಮಿಲಿಗ್ರಾಮಿಗೆ ಮೀರಿರಬಾರದು. ಕೊಳಚೆ ಶುದ್ಧಿಯ ಘಟಕಗಳಲ್ಲಿ ತಳಕ್ಕೆ ಇಳಿಯುವ ಹೂಳಿನಲ್ಲಿ, ನೀರಿನಲ್ಲಿದ್ದ ಲೋಹಗಳ ದೊಡ್ಡ ಪಾಲು ಸೇರಿರುವುದರಿಂದ, ಅದು ಪುಕ್ಕಟೆಯಾಗಿ ಸಿಕ್ಕಿದರೂ ಸೊಪ್ಪಿನ ಮಡಿಗೆ ಹಾಕತಕ್ಕದ್ದಲ್ಲ. ೨೦೧೮ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆಯಷ್ಟೆ. ಅದರ ಉದ್ದೇಶವು ಅಂತರ್ಜಲವನ್ನು ಹೆಚ್ಚಿಸುವುದು. ಕೆರೆಗೇ ಪಂಪನ್ನಿಟ್ಟು ಸೊಪ್ಪಿಗೆ ಹಾಯಿಸುವುದಲ್ಲ.

ಪರೀಕ್ಷೆಗೆ ಮಾದರಿಗಳನ್ನು ತೆಗೆಯುವ ಕ್ರಮವನ್ನು ಹೇಳಿ ಈ ಲೇಖನವನ್ನು ಮುಗಿಸುವೆನು. ಮಣ್ಣನ್ನು ಒಂದು ಎಕರೆಯಲ್ಲಿ ಅಡ್ಡಾದಿಡ್ಡಿಯಾಗಿ ಹತ್ತು ಹನ್ನೆರಡು ಕಡೆ ಅರ್ಧ ಅಡಿ ಆಳದವ ತೆಗೆದು, ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲುಗಳನ್ನು ಚೆಲ್ಲುತ್ತ ಅರ್ಧ ಕಿಲೋಗ್ರಾಂ ಉಳಿಸಿಕೊಳ್ಳಬೇಕು. ಸತುವಿನ ಲೇಪವಿರುವ ಬಾಂಡ್ಲಿ, ಬಕೆಟ್ಟುಗಳನ್ನು ಮುಟ್ಟಿಸಕೂಡದು. ಪ್ಲಾಸ್ಟಿಕ್ ತಟ್ಟೆ, ಬಟ್ಟೆಯ ಚೀಲ ಸಾಕು. ಕಾಲುವೆಯ ಪಕ್ಕದ ಮಡಿಯ ಮಣ್ಣನ್ನೂ ಬಾವಿಯ ಪಕ್ಕದ ಮಡಿಯ ಮಣ್ಣನ್ನೂ ಬೇರೆಬೇರೆಯಾಗಿ ಕಟ್ಟಬೇಕು. ಒಂದರೊಡನೆ ಒಂದನ್ನು ಹೋಲಿಸಿದರೆ ಮಾತ್ರ ಅರ್ಥವಾಗುವುದು. ನೀರನ್ನು ಹೊಸ ಪ್ಲಾಸ್ಟಿಕ್ ಸೀಸೆಯಲ್ಲಿ, ಅದೇ ನೀರಿನಿಂದ ಎರಡು ಸಲ ತೊಳೆದು, ಹರಿವಿನ ನಡುವಿನಿಂದ ತುಂಬಿ ಅದೇ ದಿನ ಪ್ರಯೋಗಶಾಲೆಗೆ ತಲುಪಿಸಬೇಕು. ಸೊಪ್ಪನ್ನು ಅಡಿಗೆಗೆ ತೊಳೆಯುವಂತೆಯೇ ತೊಳೆದು ಕಳುಹಿಸಿದರೆ, ಊಟಕ್ಕೆ ಬರುವುದರ ಲೆಕ್ಕ ಸಿಕ್ಕುವುದು. ಜಿ. ಕೆ. ವಿ. ಕೆ. ಆವರಣದ ಕೃಷಿ ವಿಶ್ವವಿದ್ಯಾನಿಲಯದಲ್ಲಾಗಲಿ ಮಾನ್ಯತೆ ಪಡೆದ ಬೇರೆ ಪ್ರಯೋಗಶಾಲೆಯಲ್ಲಾಗಲಿ ವಿಚಾರಿಸುವಾಗ, ಬರಿಯ 'ಮಣ್ಣು ಪರೀಕ್ಷೆ' ಎನ್ನದೆ 'ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್' ಎಂದು ಹೆಸರಿಟ್ಟು ಕೇಳಬೇಕು. ಇದಕ್ಕೆ ಖರ್ಚು ಹೆಚ್ಚಾದುದರಿಂದ ಒಂದೇ ಕಾಲುವೆಯ ಕೆಳಗಿನ ಜಮೀನುದಾರರು ಕೂಡಿ ಮಾಡಿಸುವುದು ಮೇಲು. ಕಾಲುವೆಯಲ್ಲಿ ಮಳೆಯ ನೀರು ಬೆರೆಯದಿರುವ ದಿನಗಳಲ್ಲಿ ಒಂದು ಸಲವೂ, ಮಳೆಗಾಲ ಮುಗಿದ ಮೇಲೆ ಮತ್ತೊಂದು ಸಲವೂ ನೀರನ್ನು ತೆಗೆದು ನೋಡಬೇಕು. ಸೀಸೆಯ ಮೇಲೆ ದಿನ, ವೇಳೆ, ಸ್ಥಳಗಳನ್ನು ಬರೆಯುವುದನ್ನು ಮರೆಯಬಾರದು. ಕಾರ್ಖಾನೆಯ ನೀರು ರಾತ್ರಿಯ ಹೊತ್ತು ಬರುವುದೆಂಬ ದೂರು ಇರುವ ಕಡೆ, ಬೆಳಗಿನ ಜಾವದಲ್ಲಿಯೇ ತೆಗೆಯುವುದು ಉತ್ತಮ.